ಬಾಣಂತಿ ಕೋಣೆಯ ಕಿಟಕಿ

ಹೆರಿಗೆಯಾದ ಹನ್ನೊಂದನೆಯ ದಿನ ಮಗಳು ರತ್ನ ನಿದ್ದೆ ಬಿಟ್ಟಳು. ಚೊಚ್ಚಲ ಹೆರಿಗೆಗೆಂದು ಯಲ್ಲದಕೆರೆಯ ನನ್ನ ಮನೆಗೆ ಬಂದವಳು. ಗೋಡೆಯೊಳಗೆ ಯಾರೋ ನಿಂತಿದ್ದಾರೆ ಎಂದಳು.

ಬಾಣಂತಿಗೆ ಗಾಳಿ ಸೋಕಬಾರದು. ನಮ್ಮವ್ವ ನನಗೂ ಹಾಗೇ ಮಾಡಿದ್ದಳು. ಕೋಣೆಗಿದ್ದ ಒಂದೇ ಕಿಟಕಿಗೆ ಗೋಣಿತಾಟು ತುರುಕಿ, ಬಾಗಿಲು ಮುಚ್ಚಿ, ಹೊಗೆ ಹಾಕಿದ್ದೆ. ಈಗ ಗಾಳಿಯೇ ಸೋಕಿರಬೇಕೆಂದು ಉಳಿದ ಸಂದಿಗೂ ಸಗಣಿ ಮೆತ್ತಿದೆ.

ಮರುದಿನ ಮಧ್ಯಾಹ್ನ ಗಂಜಿ ಒಯ್ದೆ. ಮಗುವಿನ ಮುಖದ ಮೇಲೆ ದಿಂಬಿತ್ತು.

ಕಿತ್ತೆಸೆದೆ. ಅತ್ತಿತು. ಬದುಕಿತ್ತು.

"ಅದು ನನ್ನ ಕೂಸಲ್ಲ ಕಣವ್ವ," ಎಂದಳು ರತ್ನ, ತಣ್ಣಗೆ.

ಬಸ್ಸಿನಲ್ಲಿ ದುರ್ಗದ ಆಸ್ಪತ್ರೆಗೆ ಕರೆದೊಯ್ದೆ. ಮಗು ನನ್ನ ಸೆರಗಿನೊಳಗೆ, ಅವಳ ರಟ್ಟೆ ನನ್ನ ಕೈಯಲ್ಲಿ. ಬಾಣಂತಿ ಸನ್ನಿ, ವಾಸಿಯಾಗುತ್ತದೆ, ಆದರೆ ಮಗುವನ್ನು ಅವಳೊಬ್ಬಳ ಬಳಿ ಬಿಡಬೇಡಿ ಎಂದರು ಡಾಕ್ಟರಮ್ಮ. ಇಂಜೆಕ್ಷನ್ ಕೊಟ್ಟು ವಾರ್ಡಿಗೆ ಹಾಕಿದರು. ಅಲ್ಲಿನ ಕಿಟಕಿಗಳು ಮಂಚದ ಮಟ್ಟಕ್ಕಿದ್ದವು. ಮಲಗಿದಲ್ಲಿಂದಲೇ ಹೊಂಗೆಮರ, ಅದರಡಿ ಓಡಾಡುವ ಜನ ಕಾಣುತ್ತಿದ್ದರು. ಬೆಳಗಾಯಿತೋ ಸಂಜೆಯಾಯಿತೋ ಯಾರನ್ನೂ ಕೇಳಬೇಕಿರಲಿಲ್ಲ. ನಾಲ್ಕನೆಯ ದಿನ ರತ್ನ ನಿದ್ದೆ ಮಾಡಿದಳು. ಮಾತ್ರೆಯಿಂದಲೋ, ಮರದಿಂದಲೋ, ನನಗೆ ಗೊತ್ತಿಲ್ಲ.

ಡಿಸ್ಚಾರ್ಜ್ ದಿನ ಡಾಕ್ಟರಮ್ಮ ಮನೆಯ ಕೋಣೆ ಹೇಗಿದೆ ಎಂದು ಕೇಳಿದರು. ಹೇಳಿದೆ. ಬೈಯಲಿಲ್ಲ.

"ಹಗಲು ಯಾವ್ದು, ರಾತ್ರಿ ಯಾವ್ದು ಅಂತ ಅವಳಿಗೆ ತಿಳೀಬೇಕು. ಮಾತ್ರೆ ಬಿಡಬ್ಯಾಡ್ರಿ, ಆ ಕಿಟಕಿ ತೆಗೀರಿ," ಎಂದರು.

ಗೋಣಿ ಕಿತ್ತರೂ ಸಾಲದು. ನಮ್ಮ ಕಿಟಕಿ ಸೂರಿನ ಹತ್ತಿರ, ಅಂಗೈಯಗಲದ್ದು. ಗಾರೆಯ ತಿಪ್ಪೇಶನನ್ನು ಕರೆಸಿ ಮಂಚದ ಎದುರಿನ ಗೋಡೆ ತೋರಿಸಿದೆ.

"ಇಷ್ಟು ಕೆಳಗಾ? ಕುರಿ ಮೂತಿ ಇಕ್ತಾವೆ ಕಣಜ್ಜಿ."

"ಇಕ್ಲಿ. ಕುಂತ್ರೆ ಅಂಗಳ ಕಾಣ್ಬೇಕು. ಒಡಿ."

ಬಾಣಂತಿಯನ್ನು ಕೊಲ್ಲುತ್ತೀಯ ಎಂದರು ಕೇರಿಯವರು. ನನಗೂ ಭಯವಿತ್ತು. ಅದಕ್ಕಿಂತ ದಿಂಬಿನ ಭಯ ದೊಡ್ಡದಿತ್ತು.

ಒಂದು ಬೆಳಿಗ್ಗೆ ಅಂಗಳದಲ್ಲಿ ಕಾಲು ಚಾಚಿ, ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದೆ. ಹೊಸ ಕಿಟಕಿಯ ಕಂಬಿಯ ಹಿಂದೆ ರತ್ನ ಬಂದು ಕೂತದ್ದು ಗೊತ್ತಾಯಿತು. ದಿಂಬಿನ ದಿನದಿಂದ ಮಗುವಿನ ಸುದ್ದಿಯನ್ನೇ ಎತ್ತದವಳು. ನಾನು ತಿರುಗಿ ನೋಡಲಿಲ್ಲ.

"ಅವ್ವ, ಕೂಸಿನ ಕಣ್ಣಿಗೆ ಬಿಸ್ಲು ಬೀಳ್ತೈತೆ. ಸೆರಗು ಅಡ್ಡ ಹಿಡಿ."

ಹಿಡಿದೆ.

ಮಾತ್ರೆ ಇನ್ನೂ ನಡೆದಿದೆ. ಮಗು ಅವಳ ಮಡಿಲಲ್ಲಿರುವಾಗ ನಾನು ಪಕ್ಕದಿಂದ ಏಳುವುದಿಲ್ಲ. ತಿಪ್ಪೇಶ ಹೇಳಿದಂತೆ ಕುರಿ ದಿನಾ ಮೂತಿ ಇಡುತ್ತದೆ. ಅದನ್ನು ಓಡಿಸುವುದು ರತ್ನನ ಕೆಲಸ.