ಒಂದೇ ಒಂದು ಕರಿ ಕಡಲೆ

ನನ್ನ ಮದುವೆಗೆಂದು ಅಪ್ಪ ಟೈಪ್ ಮಾಡಿಸಿದ್ದ ಬಯೋಡೇಟಾದಲ್ಲಿ ಎತ್ತರ, ಗೋತ್ರ, ನಕ್ಷತ್ರಗಳೆಲ್ಲ ಮುಗಿದ ಮೇಲೆ ಒಂದು ಸಾಲು ಇತ್ತು: 'ಕಾಲೇಜಿನ ಭಗಿನಿ ಬಳಗದ ಸ್ಥಾಪಕ ಸದಸ್ಯೆ.' ನನ್ನನ್ನು ನೋಡಲು ಬಂದ ಮೊದಲ ಗಂಡಿನ ತಾಯಿ ಅದನ್ನು ಎರಡು ಸಲ ಓದಿ, ಇದು ಅನಾಥಾಶ್ರಮವೇ ಎಂದು ವಿಚಾರಿಸಿದರು. ಎರಡನೆಯವರು, ಈ ಹುಡುಗಿ ಮನೆಯೊಳಗೂ ಒಂದು ಸಂಘ ಕಟ್ಟಿಬಿಟ್ಟಾಳು ಎಂದು ಹೆದರಿದರೋ ಏನೋ, ಮತ್ತೆ ಸುದ್ದಿಯಿಲ್ಲ. ಮೂರನೆಯವರು ಆ ಸಾಲನ್ನು ಓದಲೇ ಇಲ್ಲ. ಅವರ ಮಗನನ್ನೇ ಮದುವೆಯಾದೆ. ಆದರೂ ಆ ಸಾಲನ್ನು ನಾನು ಬಿಟ್ಟುಕೊಡಲಿಲ್ಲ. ಕೆಲಸದ ಅರ್ಜಿಗಳಲ್ಲಿ ಬರೆದೆ, ನಮ್ಮ ಬಿಲ್ಡಿಂಗಿನ ಸೊಸೈಟಿ ಚುನಾವಣೆಗೆ ನಿಂತಾಗ ಹೇಳಿಕೊಂಡೆ. ಹೇಳಿಕೊಂಡಾಗಲೆಲ್ಲ ಗಂಟಲಲ್ಲಿ ಏನೋ ಸಣ್ಣದು ಅಡ್ಡ ಬಂದಂತಾಗುತ್ತಿತ್ತು. ಅದು ಏನೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು.

'ಸ್ಥಾಪಕ' ಎನ್ನುವ ಮಾತಿಗೆ ಒಂದು ಗತ್ತು ಇದೆ. ಆಮೇಲೆ ಸೇರಿದವರು ಸಾವಿರ ಜನ ಇರಬಹುದು, ಸ್ಥಾಪಿಸಿದವರು ಬೆರಳೆಣಿಕೆಯವರು. ನಮ್ಮ ಮುಂಬಯಿಯಲ್ಲಂತೂ ನಾಲ್ಕು ಜನ ಒಂದೇ ಲೋಕಲ್ ರೈಲಿನಲ್ಲಿ ಒಂದು ತಿಂಗಳು ಎದುರುಬದುರು ಕೂತರೆ ಸಾಕು, ಒಂದು ಭಜನಾ ಮಂಡಳಿ ಹುಟ್ಟುತ್ತದೆ, ಅದಕ್ಕೊಬ್ಬ ಅಧ್ಯಕ್ಷನೂ ಹುಟ್ಟುತ್ತಾನೆ. ಗಣಪತಿಯನ್ನು ಸ್ಥಾಪಿಸುವವರಲ್ಲಿ ಒಂದು ಪ್ರಾಮಾಣಿಕತೆ ಇದೆ: ಇಷ್ಟು ದಿನ ಎಂದು ಮೊದಲೇ ಹೇಳುತ್ತಾರೆ, ಕೊನೆಗೆ ತಾವೇ ಹೊತ್ತುಕೊಂಡು ಹೋಗಿ ವಿಸರ್ಜಿಸುತ್ತಾರೆ. ಸಂಘ ಸ್ಥಾಪಿಸುವವರು ಸಂಘವನ್ನು ಉಳಿಸಿಕೊಂಡು ತಮ್ಮಲ್ಲೇ ಒಬ್ಬರನ್ನು ವಿಸರ್ಜಿಸುತ್ತಾರೆ. ನಾನು ಮಾಡಿದ್ದು ಅದನ್ನೇ.

ಆಗ ನಾವು ಮುಂಬಯಿಯ ಉಪನಗರ ಕಾಂದಿವಲಿಯಲ್ಲಿದ್ದೆವು. ಅಪ್ಪ ಮೈಸೂರಿನ ಕಡೆಯವರು, ಕಾಂದಿವಲಿಯದೇ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ನನ್ನ ಕಾಲೇಜು ದಾದರಿನಲ್ಲಿ. ನಾನು ಎರಡನೆಯ ವರ್ಷದಲ್ಲಿದ್ದಾಗ ಪುಣೆಯಿಂದ ಅಪರ್ಣಾ ಎಂಬ ಮರಾಠಿ ಹುಡುಗಿ ನಮ್ಮ ಕ್ಲಾಸಿಗೆ ಬಂದು ಸೇರಿದಳು. ಅವಳ ಹಳೆಯ ಕಾಲೇಜಿನಲ್ಲಿ ಹುಡುಗಿಯರದೇ ಒಂದು ಬಳಗವಿತ್ತಂತೆ. ಅಮೆರಿಕದ ಕಾಲೇಜುಗಳಲ್ಲಿ ಇರುವಂಥದ್ದರ ನಕಲು. ಸೇರಿದವರೆಲ್ಲ ಜೀವಮಾನವಿಡೀ ಅಕ್ಕತಂಗಿಯರು, ಹೊಸಬಳಿಗೆ ಒಬ್ಬ ಹಿರಿಯಳು ದೀದಿ, ಕೈಗೊಂದು ಹಳದಿ ದಾರ. ಇಲ್ಲಿಯೂ ಅದರ ಒಂದು ಶಾಖೆ ತೆರೆಯೋಣ ಎಂದಳು ಅಪರ್ಣಾ. ಅದರ ನಿಜವಾದ ಹೆಸರು ಬೇಡ, ಇಲ್ಲಿ ಅದನ್ನು ಭಗಿನಿ ಬಳಗ ಎಂದೇ ಕರೆಯುತ್ತೇನೆ. ಶಾಖೆ ತೆರೆಯಲು ಏಳು ಜನ ರುಜು ಹಾಕಬೇಕಿತ್ತು. ಆರು ಜನ ಸುಲಭವಾಗಿ ಸಿಕ್ಕರು. ಏಳನೆಯವಳನ್ನು ಹಿಡಿದು ತಂದವಳು ನಾನು. ಅವಳು ಜಯಂತಿ.

ಜಯಂತಿಯ ಮನೆ ಉಡುಪಿಯ ಕಡೆ. ಅವಳ ಅಪ್ಪ ದಾದರಿನ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟರು. ಕಾಂದಿವಲಿಯ ವಠಾರದಂಥ ಒಂದು ಚಾಳಿನಲ್ಲಿ ಎರಡು ಕೋಣೆಗಳಲ್ಲಿ ಅವರ ಸಂಸಾರ. ನಾವಿಬ್ಬರೂ ಬೆಳಗಿನ ಒಂದೇ ಲೋಕಲ್‌ನ ಹೆಂಗಸರ ಬೋಗಿಯಲ್ಲಿ ಹೋಗುತ್ತಿದ್ದೆವು. ಕಾಲೇಜಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ. ನಾನು ರುಜು ಕೇಳಿದಾಗ ಅವಳು ನಕ್ಕಳು.

"ನನಗೆ ಎಂಥಕ್ಕೆ ಮಾರಾಯ್ತಿ ಇದೆಲ್ಲ? ಮನೆಯಲ್ಲಿ ಅಕ್ಕತಂಗಿಯರೇ ಮೂರು ಜನ ಇದ್ದಾರೆ. ಅವರೇ ಸಾಕಾಗಿದೆ."

ನನಗೋಸ್ಕರ ಎಂದೆ. ನನಗೋಸ್ಕರ ಹಾಕಿದಳು.

ಆಮೇಲಿನ ಐದಾರು ತಿಂಗಳಲ್ಲಿ ಆದದ್ದು ನಾವು ಯಾರೂ ಎಣಿಸಿದ್ದಲ್ಲ. ಉಳಿದ ಆರು ಜನ ಬಳಗದ ಲಾಂಛನದ ಬಣ್ಣ ಯಾವುದಿರಬೇಕು ಎಂದು ಚರ್ಚಿಸುತ್ತಿದ್ದಾಗ, ಜಯಂತಿ ಪ್ಯೂನ್ ಕಾಕಾನ ಹತ್ತಿರ ಮಾತಾಡಿ ಮೆಟ್ಟಿಲ ಕೆಳಗಿನ ಸ್ಟೋರ್ ರೂಮನ್ನು ಖಾಲಿ ಮಾಡಿಸಿದ್ದಳು. ಮುರಿದ ಬೆಂಚು, ಗಾಳಿ ಹೋದ ವಾಲಿಬಾಲು ಎಲ್ಲ ಹೊರಗೆ ಹೋಗಿ, ಎರಡು ಚಾಪೆ, ಒಂದು ನೀರಿನ ಮಡಕೆ ಒಳಗೆ ಬಂದವು. ವಿರಾರ್, ಕಲ್ಯಾಣ್‌ನಂಥ ದೂರದಿಂದ ಬರುವ ಹುಡುಗಿಯರಿಗೆ ಎರಡು ಕ್ಲಾಸಿನ ಮಧ್ಯೆ ಕೂತು ಡಬ್ಬಿ ಬಿಚ್ಚಲು, ಹೊಟ್ಟೆನೋವು ಬಂದ ದಿನ ಒರಗಲು ಮೊದಲ ಸಲ ಒಂದು ಜಾಗ ಸಿಕ್ಕಿತು. ಆ ಕೋಣೆಗೆ ಬಂದವರು ಬಳಗದ ಹೆಸರು ಕೇಳುತ್ತಿರಲಿಲ್ಲ, ಜಯಂತಿ ದೀದಿ ಎಲ್ಲಿ ಎಂದು ಕೇಳುತ್ತಿದ್ದರು.

ಆ ದಿನಗಳಲ್ಲಿ ನಾನು ಮಾಡುತ್ತಿದ್ದದ್ದು ಬೇರೆ ಕೆಲಸ. ನನ್ನ ಅಕ್ಷರ ದುಂಡಗಿದೆ ಎಂದು ನಿಯಮಾವಳಿ ಬರೆಯುವುದನ್ನು ನನಗೆ ಒಪ್ಪಿಸಿದ್ದರು. ಹದಿನೇಳು ನಿಯಮ ಬರೆದೆ. ಒಂದು ಸಂವಿಧಾನವನ್ನೇ ಬರೆದವಳಂತೆ ಬೀಗಿದೆ. ಹನ್ನೊಂದನೆಯ ನಿಯಮ ಹೀಗಿತ್ತು: ಸತತ ಮೂರು ಸಭೆಗೆ ಬಾರದವಳನ್ನು ಉಳಿಸಿಕೊಳ್ಳಬೇಕಾದರೆ ಎಲ್ಲರ ಒಪ್ಪಿಗೆ ಬೇಕು. ಒಪ್ಪಿಗೆ ಗುಟ್ಟಾಗಿರಬೇಕು. ಅದಕ್ಕೆ ಉಪಾಯವನ್ನೂ ನಾನೇ ಹುಡುಕಿದೆ. ಮುಚ್ಚಳದಲ್ಲಿ ತೂತು ಮಾಡಿದ ಒಂದು ಡಬ್ಬಿ. ಒಪ್ಪಿಗೆಯಿದ್ದರೆ ಬಿಳಿಯ ಕಾಬೂಲಿ ಕಡಲೆ, ಇಲ್ಲದಿದ್ದರೆ ಕರಿ ಕಡಲೆ. ಒಂದೇ ಒಂದು ಕರಿ ಕಡಲೆ ಬಿದ್ದರೂ ಅವಳು ಹೊರಗೆ. ಪ್ರಾಚೀನ ಅಥೆನ್ಸಿನವರು ಬೇಡವಾದವನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಹತ್ತು ವರ್ಷ ಊರು ಬಿಡಿಸುತ್ತಿದ್ದರೆಂದು ಇತಿಹಾಸದ ಕ್ಲಾಸಿನಲ್ಲಿ ಕೇಳಿದ್ದೆ. ಅಲ್ಲಿ ಒಬ್ಬನನ್ನು ಓಡಿಸಲು ಸಾವಿರಾರು ಚೂರು ಬೇಕಾಗುತ್ತಿದ್ದವು. ನನ್ನ ಸಂವಿಧಾನ ಇನ್ನೂ ಸುಲಭದ್ದು.

ಸಭೆ ಗುರುವಾರ ಸಂಜೆ. ಒಂದು ಗುರುವಾರ ಜಯಂತಿ ಬರಲಿಲ್ಲ. ಮುಂದಿನ ವಾರವೂ ಬರಲಿಲ್ಲ. ಮರುದಿನ ಬೆಳಿಗ್ಗೆ ಲೋಕಲ್‌ನಲ್ಲಿ, ಅಂಧೇರಿಯ ಹತ್ತಿರ ನೂಕುನುಗ್ಗಲಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು. ಅವಳ ಅಮ್ಮನಿಗೆ ಕ್ಯಾನ್ಸರ್. ಪರೇಲಿನ ಆಸ್ಪತ್ರೆಯಲ್ಲಿ ಗುರುವಾರಗಳಂದು ಚಿಕಿತ್ಸೆ, ಕರೆದುಕೊಂಡು ಹೋಗಿ ಬರಬೇಕಾದವಳು ಇವಳೇ.

"ಯಾರಿಗೂ ಹೇಳ್ಬೇಡ ಆಯ್ತಾ? ಅಕ್ಕನ ಮದುವೆ ಮಾತುಕತೆ ನಡೀತಾ ಉಂಟು. ಚಾಳಿನಲ್ಲಿ ಗೊತ್ತಾದ್ರೆ ಗಂಡಿನವರ ಕಿವಿಗೆ ಬೀಳ್ತದೆ."

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟ ಮಾತನ್ನು ಎಂಥ ನಿಷ್ಠೆಯಿಂದ ಉಳಿಸಿಕೊಂಡೆನೆಂದರೆ, ಅದನ್ನು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ.

ಮೂರನೆಯ ಗುರುವಾರವೂ ಅವಳ ಜಾಗ ಖಾಲಿ ಇತ್ತು. ಅಪರ್ಣಾ ನಿಯಮದ ಹುಡುಗಿ. ನನ್ನ ದುಂಡಗಿನ ಅಕ್ಷರವನ್ನು ಗಟ್ಟಿಯಾಗಿ ಓದಿ, ಜಯಂತಿ ಯಾಕೆ ಬರುತ್ತಿಲ್ಲ, ಯಾರಿಗಾದರೂ ಗೊತ್ತೇ ಎಂದು ಕೇಳಿದಳು. ಕೇಳುವಾಗ ನನ್ನ ಕಡೆಗೇ ನೋಡಿದಳು. ನಾನು ಗೊತ್ತಿಲ್ಲ ಎಂದೆ. ಇಲ್ಲಿಯವರೆಗೆ ನನ್ನದೇನೂ ತಪ್ಪಿಲ್ಲ ಎಂದು ಬೇಕಾದರೆ ವಾದಿಸಬಹುದು. ಆದರೆ ಮುಂದಿನ ತಿಂಗಳು ಬಳಗದ ಅಧ್ಯಕ್ಷೆಯ ಆಯ್ಕೆ ಇತ್ತು. ಆ ಸ್ಥಾನದ ಮೇಲೆ ನನಗೆ ಎಷ್ಟು ಆಸೆಯಿತ್ತು ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ, ಜಯಂತಿಗೂ. ಅವಳಿದ್ದರೆ ನನ್ನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅವಳಿಗೆ ಅದು ಬೇಕಿರಲೇ ಇಲ್ಲ ಎಂಬುದು ಬೇರೆ ಮಾತು. ಬೇಡವೆನ್ನುವವಳಿಗೇ ಎಲ್ಲರೂ ಕೊಡಲು ಹೊರಟಿದ್ದಾರೆ ಎಂಬುದು ನನ್ನನ್ನು ಇನ್ನಷ್ಟು ಚುಚ್ಚುತ್ತಿತ್ತು.

ಡಬ್ಬಿ ಕೈಯಿಂದ ಕೈಗೆ ಹೋಯಿತು. ನನ್ನ ಸರದಿ ಬಂದಾಗ ಮುಷ್ಟಿಯಲ್ಲಿ ಎರಡೂ ಕಡಲೆ ಇದ್ದವು. ಯೋಚಿಸಿ ಹಾಕಿದೆ, ಕೈತಪ್ಪಿ ಅಲ್ಲ. ಸಭೆಯ ಮುಂದೆ ಡಬ್ಬಿ ಸುರಿದಾಗ ಐದು ಬಿಳಿ, ಒಂದು ಕರಿ. ಇನ್ನೂ ಯಾರಾದರೂ ಒಬ್ಬಳು ಕರಿ ಹಾಕಿರುತ್ತಾಳೆ ಎಂದು ನಾನು ನಂಬಿಕೊಂಡಿದ್ದೆ. ಯಾರೂ ಹಾಕಿರಲಿಲ್ಲ. ಅಪರ್ಣಾ ಕಡಲೆಗಳನ್ನು ಇನ್ನೊಮ್ಮೆ ಎಣಿಸಿ, ನಿಯಮ ಅಂದರೆ ನಿಯಮ ಎಂದು ಸಭೆ ಮುಗಿಸಿದಳು. ಮಾರನೆಯ ದಿನ ಜಯಂತಿಗೆ ವಿಷಯ ತಿಳಿಸಿದವಳೂ ಅವಳೇ.

ಆ ಸಂಜೆ ವಾಪಸು ಬರುವ ಲೋಕಲ್‌ನಲ್ಲಿ ಜಯಂತಿ ನನ್ನ ಪಕ್ಕದಲ್ಲೇ ಕೂತಳು. ನಾನು ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಬಾಂದ್ರಾ ದಾಟಿದ ಮೇಲೆ ಅವಳು, ಒಂದೇ ಒಂದು ಕರಿ ಬಿದ್ದದ್ದಂತೆ, ನೀನಾದರೂ ನನ್ನ ಕಡೆಗೆ ಇದ್ದೆಯಲ್ಲ ಎಂದಳು. ನಾನು ಕೈ ಬಿಡಲಿಲ್ಲ. ಬಿಟ್ಟಿದ್ದರೆ ಆಗಲೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ.

ನಾನು ಅಧ್ಯಕ್ಷೆಯಾದೆ. ಒಂದು ವರ್ಷದ ಅಧಿಕಾರದಲ್ಲಿ ನನ್ನ ಸಾಧನೆಯೆಂದರೆ ಒಂದು ಹೊಸ ನೋಟಿಸ್ ಬೋರ್ಡು. ಮೆಟ್ಟಿಲ ಕೆಳಗಿನ ಕೋಣೆಗೆ ಬರುವವರು ಕಡಿಮೆಯಾದರು. ಜಯಂತಿಯ ಮುಖ ನೋಡಲು ಆಗದೆ ನಾನು ಒಂದು ಗಾಡಿ ಮುಂಚೆ ಹೊರಡಲು ಶುರು ಮಾಡಿದೆ. ಬೆಳಗಿನ ಟ್ಯೂಷನ್ ಎಂದು ಸುಳ್ಳು ಹೇಳಿದೆ. ಮರುವರ್ಷ ಅವಳ ಅಮ್ಮ ತೀರಿಕೊಂಡ ಸುದ್ದಿ ನನಗೆ ಹನ್ನೆರಡು ದಿನ ಕಳೆದ ಮೇಲೆ, ಬೇರೆಯವರಿಂದ ತಿಳಿಯಿತು. ಹೋಗಲಿಲ್ಲ. ಪರೀಕ್ಷೆ ಹತ್ತಿರವಿತ್ತು ಎಂದು ನನಗೆ ನಾನೇ ಹೇಳಿಕೊಂಡೆ.

ಇದೆಲ್ಲ ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಹೋದ ವರ್ಷ ಆ ಕಾಲೇಜಿನ ಹುಡುಗಿಯರು ಬಳಗದ ವಾರ್ಷಿಕೋತ್ಸವಕ್ಕೆ ನನ್ನನ್ನು ಅತಿಥಿಯಾಗಿ ಕರೆದರು. ಹೋದೆ. ಅಕ್ಕತಂಗಿತನದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಚಪ್ಪಾಳೆಯೂ ಬಂತು. ಚಹಾ ಕುಡಿಯುವಾಗ ತನಗೂ ಕನ್ನಡ ಬರುತ್ತದೆಂದು ಪರಿಚಯ ಮಾಡಿಕೊಂಡ ಒಬ್ಬ ಹುಡುಗಿ ಗೋಡೆಯ ಮೇಲಿನ ಫಲಕ ತೋರಿಸಿದಳು.

"ಆಂಟಿ, ರೂಲ್‌ನಲ್ಲಿ ಫೌಂಡರ್ಸ್ ಸೆವೆನ್ ಬೇಕು ಅಂತ ಇದೆ. ಬೋರ್ಡ್ ಮೇಲೆ ಸಿಕ್ಸ್ ಹೆಸರು ಯಾಕೆ ಇದೆ?"

ಆ ಪಟ್ಟಿ ಬರೆದುಕೊಟ್ಟವಳು ಅಧ್ಯಕ್ಷೆಯಾದ ನಾನೇ. ಒಬ್ಬಳು ಮಧ್ಯದಲ್ಲೇ ಬಿಟ್ಟುಹೋದಳು ಎಂದೆ. ಹುಡುಗಿ ತಲೆಯಾಡಿಸಿ ಸಮೋಸ ತರಲು ಹೋದಳು. ಇನ್ನೊಂದು ಸುಳ್ಳನ್ನು ಇಷ್ಟು ಸಲೀಸಾಗಿ, ಅದೂ ಒಂದು ಮಗುವಿನಂಥವಳಿಗೆ ಹೇಳಿದೆನಲ್ಲ ಎಂದು ನನಗೇ ದಿಗಿಲಾಯಿತು. ಎರಡು ವಾರ ತಡೆದುಕೊಂಡೆ. ಕೊನೆಗೆ ಕಾಂದಿವಲಿಯಲ್ಲೇ ಇರುವ ಜಯಂತಿಯ ಅಕ್ಕನನ್ನು ಹುಡುಕಿ ಅವಳ ನಂಬರ್ ಪಡೆದೆ.

ಜಯಂತಿ ಈಗ ದಾದರಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್. ಒಂದು ಶನಿವಾರ ಮಧ್ಯಾಹ್ನ ಶಾಲೆಯ ಹತ್ತಿರದ ಉಡುಪಿ ಹೋಟೆಲಿನಲ್ಲಿ ಸಿಕ್ಕೆವು. ಕೂದಲು ಅರ್ಧ ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. ನನ್ನ ಗಂಡ, ಮಕ್ಕಳು, ಮಂಡಿನೋವು ಎಲ್ಲವನ್ನೂ ವಿಚಾರಿಸಿದಳು. ಕಾಫಿ ಬರುವ ಮೊದಲೇ ಹೇಳಿಬಿಡಬೇಕೆಂದು ನಿಶ್ಚಯಿಸಿದ್ದೆ. ಕಾಫಿ ಬಂದು ಆರಿದ ಮೇಲೆ ಹೇಳಿದೆ. ಆ ಕಡಲೆ ನನ್ನದು ಎಂದೆ. ಗುಟ್ಟು ಹೇಳುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೆನಲ್ಲ ಎಂದೂ ಸೇರಿಸಿದೆ. ತಪ್ಪೊಪ್ಪಿಕೊಳ್ಳುವಾಗಲೂ ನನಗೊಂದು ಊರುಗೋಲು ಬೇಕಿತ್ತು.

ಜಯಂತಿ ಲೋಟವನ್ನು ಪಕ್ಕಕ್ಕೆ ಸರಿಸಿದಳು.

"ಹೇಳ್ಬೇಡ ಅಂತ ನಾನು ಹೇಳಿದ್ದು ಹೌದು. ಬಿಳಿ ಕಡಲೆ ಹಾಕ್ಲಿಕ್ಕೆ ಬಾಯಿ ತೆರೀಬೇಕು ಅಂತ ಇರ್ಲಿಲ್ಲ ಅಲ್ವಾ, ನಳಿನಿ."

ಇಷ್ಟು ವರ್ಷ ನಾನು ಒರಗಿಕೊಂಡಿದ್ದ ಗೋಡೆ ಅದು. ಅವಳು ಅದನ್ನು ಬೀಳಿಸಿದ್ದು ಹೀಗೆ, ದನಿಯನ್ನೂ ಏರಿಸದೆ.

"ನಾನು ಅಪರ್ಣಾ ಅಂತ ತಿಳ್ಕೊಂಡಿದ್ದೆ," ಎಂದಳು ಆಮೇಲೆ. "ಅಮ್ಮ ಹೋದಾಗ ಅವಳು ಚಾಳಿಗೆ ಬಂದಿದ್ಲು. ಒಂದು ಗಂಟೆ ಹೊರಗೆ ಕೂತಿದ್ಲು. ನಾನು ಒಳಗಿಂದ ಬರ್ಲೇ ಇಲ್ಲ. ಮದುವೆಗೆ ಕರೆದ್ಲು, ಹೋಗ್ಲಿಲ್ಲ."

ನಾನು ಕ್ಷಮಿಸು ಎಂದೆ. ಅವಳು ಅದಕ್ಕೆ ಸರಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಅಪರ್ಣಾಳ ನಂಬರ್ ನಿನ್ನಲ್ಲಿ ಉಂಟಾ ಎಂದು ಕೇಳಿದಳು. ಕೊಟ್ಟೆ. ಬರೆದುಕೊಂಡು, ಮನೆಯಲ್ಲಿ ಕಾಯುತ್ತಾರೆ ಎಂದು ಎದ್ದಳು. ನನ್ನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟಳು. ಅದು ಕ್ಷಮೆಯೋ, ಮೇಜುಗಳ ಇಕ್ಕಟ್ಟಿನಲ್ಲಿ ದಾಟಿಹೋಗಲು ಹಿಡಿದ ಆಸರೆಯೋ, ಎಷ್ಟು ಸಲ ನೆನೆದರೂ ನನಗೆ ತೀರ್ಮಾನಿಸಲಾಗಿಲ್ಲ.

ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ನಾನು ತಪ್ಪು ಮಾಡಿದ್ದು ಜಯಂತಿಯೊಬ್ಬಳಿಗೇ ಎಂದುಕೊಂಡಿದ್ದೆ. ಒಬ್ಬಳಿಂದ ಬಳಗವನ್ನು ಕಸಿದಿದ್ದೆ, ಇನ್ನೊಬ್ಬಳಿಂದ ಗೆಳತಿಯನ್ನೇ ಕಸಿದಿದ್ದೆ ಎಂಬುದು ಆ ದಿನವಷ್ಟೇ ಗೊತ್ತಾಯಿತು. ಕಾಲೇಜಿಗೆ ಪತ್ರ ಬರೆದು ಫಲಕದ ಮೇಲೆ ಏಳನೆಯ ಹೆಸರು ಸೇರಿಸುವಂತೆ ಮಾಡಿದೆ. ಜಯಂತಿ ನೋಡಲು ಹೋಗಿಲ್ಲವಂತೆ. ಹೋಗುವಳೆಂದು ನಾನೂ ಎಣಿಸಿರಲಿಲ್ಲ.

ಮೊನ್ನೆ ಅಪರ್ಣಾ ಫೋನ್ ಮಾಡಿದ್ದಳು. ನನ್ನನ್ನು ಬೈಯಲು ಎಂದುಕೊಂಡೆ. ಅವಳ ದನಿಯಲ್ಲಿ ಅಂಥದ್ದೇನೂ ಇರಲಿಲ್ಲ. ಜಯಂತಿ ತಾನಾಗಿಯೇ ಅವಳ ಮನೆಗೆ ಹೋಗಿದ್ದಳಂತೆ. ಈಗ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಇಬ್ಬರೂ ದಾದರಿನಲ್ಲಿ ಸೇರುತ್ತಾರಂತೆ. ಒಂದಿಷ್ಟು ತಿರುಗಾಡಿ, ತರಕಾರಿ ಕೊಂಡು, ಏನಾದರೂ ತಿಂದು ತಮ್ಮ ತಮ್ಮ ಗಾಡಿ ಹಿಡಿಯುತ್ತಾರಂತೆ. ನಾನೂ ಬರಲೇ ಎಂಬ ಮಾತು ನಾಲಿಗೆಯವರೆಗೆ ಬಂತು. ಕೇಳಲಿಲ್ಲ. ಅವಳೂ ಕರೆಯಲಿಲ್ಲ. ಕರೆಯಬೇಕೆಂದು ಯಾವ ನಿಯಮದಲ್ಲೂ ಇಲ್ಲವಲ್ಲ.

ಆದರೆ ಈಚೆಗೆ ಯಾರಾದರೂ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಊಟಕ್ಕೋ ನಾಮಕರಣಕ್ಕೋ ಬಾ ಎಂದರೆ, ಅವತ್ತು ನನಗೆ ಬಿಡುವಿಲ್ಲ ಎಂದುಬಿಡುತ್ತೇನೆ. ಮನೆಯಲ್ಲಿ ಗಂಡ, ಅಂಥ ಏನು ಕೆಲಸ ಎಂದು ಕೇಳುತ್ತಾರೆ. ಏನೂ ಇಲ್ಲ ಎನ್ನುತ್ತೇನೆ. ಫೋನ್ ಹತ್ತಿರ ಕೂತಿರುತ್ತೇನೆ.