ಇರ್ತಲೆ ಅಂಕಿಯ ಅಕ್ಕ

ಮೊನ್ನೆ ಮಂಡ್ಯದ ಗುಜರಿ ಅಂಗಡಿಯ ಮುಂದೆ ಹಾದುಹೋಗುವಾಗ ಕೀಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಯಾರೋ ಹಳೆಯ ಎತ್ತಿನಗಾಡಿಯ ಅಚ್ಚು ತಂದು ಹಾಕಿದ್ದರು. ಅಲ್ಲೇ ನಿಂತುಬಿಟ್ಟೆ. ಎದುರುಮನೆಯ ಅಕ್ಕ ನೆನಪಾದಳು...

ಯುದ್ಧದ ಕಾಲ ಅದು. ಕಬ್ಬು ಅರೆಯುವ ದಿನಗಳಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಗಾಡಿಗಳು ನಮ್ಮ ಬೀದಿಯುದ್ದಕ್ಕೂ ಸಾಲುಗಟ್ಟಿ ನಿಲ್ಲುತ್ತಿದ್ದವು. ನಾವೆಲ್ಲ ಕಬ್ಬಿನ ಜಲ್ಲೆ ಎಳೆಯಲು ಓಡಿದರೆ ಅಕ್ಕ ಓಡುತ್ತಿದ್ದದ್ದು ಗಾಡಿಯ ಬಿಲ್ಲೆ ನೋಡಲು! ತಗಡಿನ ಆ ಬಿಲ್ಲೆಯಲ್ಲಿ ಯಾವಾಗಲೂ ನಾಲ್ಕು ಅಂಕಿ. ಗಾಡಿಯ ನಂಬರು ಚಿಕ್ಕದಾದರೆ, ಮುಂದೆ ಯಾರೂ ಇನ್ನೊಂದು ಅಂಕಿ ಸೇರಿಸದಿರಲಿ ಎಂದು ಖಾಲಿ ಜಾಗಕ್ಕೆ ಸೊನ್ನೆ ಬಳಿಯುತ್ತಿದ್ದರು. ೧೨೨೧, ೦೧೧೦... ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂಥವಕ್ಕೆ ಅಕ್ಕ ಇಟ್ಟ ಹೆಸರು ಇರ್ತಲೆ ಅಂಕಿ. ಬಾಲದ ಕಡೆಯೂ ತಲೆಯಿರುವಂತೆ ಕಾಣುವ ಇರ್ತಲೆ ಹಾವಿನ ಹಾಗೆ.

ಇಂಥವು ಒಟ್ಟು ಎಷ್ಟಿರಬಹುದು ಎಂಬುದು ಅವಳನ್ನು ಹಿಡಿದ ಹುಚ್ಚು. ಎಲ್ಲ ಗಾಡಿ ನೋಡಿ ಮುಗಿಸುವಷ್ಟರಲ್ಲಿ ನಾವು ಮುದುಕಿಯರಾಗುತ್ತೇವೆ ಎಂದು ನಾನು ರೇಗಿದೆ.

"ಎಲ್ಲಾನೂ ಯಾಕ್ ನೋಡ್ಬೇಕು? ಮುಂದಿನ ಎಲ್ಡು ಅಂಕಿ ಇಟ್ಬುಡು ಕಣಮ್ಮಿ, ಇಂದಿನ ಎಲ್ಡು ತಾವೇ ಬತ್ತವೆ," ಎಂದಳು.

ಮೊದಲ ಮನೆಗೆ ಹತ್ತು ಅಂಕಿ, ಎರಡನೆಯದಕ್ಕೂ ಹತ್ತು. ಹತ್ತು ಹತ್ತಲಿ ನೂರು. ಅಬ್ಬಾ, ಇಷ್ಟೇನಾ ಅನ್ನಿಸಿತು ನನಗೆ.

ಅಕ್ಕನಿಗೆ ಟೀಚರಾಗುವ ಆಸೆ. ಅವಳಪ್ಪ ಕಬ್ಬು ಬೆಳೆಯುವ ರೈತರು, ಒಂದೇ ಮಾತಿನ ಮನುಷ್ಯ. ಮೈಸೂರಿನ ಟ್ರೈನಿಂಗ್ ಶಾಲೆಯವರು ಸೇರಿಸಿಕೊಂಡರೆ ಓದು, ಇಲ್ಲದಿದ್ದರೆ ಮಳವಳ್ಳಿಯ ಗಂಡಿಗೆ ಒಪ್ಪಿಗೆ ಕಳಿಸುತ್ತೇನೆ ಎಂದಿದ್ದರು. ತಾವೇ ರೈಲಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋದರು.

ಅಲ್ಲಿ ನಡೆದದ್ದನ್ನು ಅಕ್ಕನೇ ಹೇಳಿದ್ದು. ಯಾವ ಲೆಕ್ಕ ಇಷ್ಟ ಎಂದು ದೊಡ್ಡ ಟೀಚರು ಕೇಳಿದರಂತೆ. ಇವಳು ಬಿಡುತ್ತಾಳೆಯೇ, ಇರ್ತಲೆ ಅಂಕಿಯ ಪುರಾಣ ಬಿಚ್ಚಿದಳು. ನಾಲ್ಕಂಕಿಯವು ಎಷ್ಟು ಎಂದು ಕೇಳಿದರೆ ನೂರು ಎಂದಳು. ತೊಂಬತ್ತು, ಸೊನ್ನೆಯಿಂದ ಶುರುವಾದರೆ ಅದು ನಾಲ್ಕಂಕಿಯ ಸಂಖ್ಯೆಯಲ್ಲ ಎಂದರಂತೆ ಅವರು. ನಮ್ಮ ಗಾಡಿಗಳಲ್ಲಿ ಉಂಟಲ್ಲ ಎಂದು ಇವಳು ವಾದಕ್ಕೇ ನಿಂತಳು. ಹಾಗಾದರೆ ನಾಲ್ಕೂ ಸೊನ್ನೆಯ ಗಾಡಿ ಯಾರದಮ್ಮ ಎಂದು ಅವರು ಕೇಳಿದಾಗ ಅಕ್ಕ ನಕ್ಕುಬಿಟ್ಟಳಂತೆ. ಪುಸ್ತಕಕ್ಕೆ ತೊಂಬತ್ತು, ಬೀದಿಗೆ ತೊಂಬತ್ತೊಂಬತ್ತು, ನನ್ನ ನೂರು ಎರಡಕ್ಕೂ ಇಲ್ಲ ಎಂದಳಂತೆ. ಅವರೂ ನಕ್ಕರು. ಸೇರಿಸಿಕೊಳ್ಳುವ ಮಾತು ಮಾತ್ರ ಆಡಲಿಲ್ಲ.

ಹೊರಗೆ ಅಪ್ಪ ಕಾದಿದ್ದರು. "ಲೆಕ್ಕ ಸರಿ ಬಂತೇನವ್ವಾ?"

"ತಪ್ಪೋಯ್ತು ಕಣಪ್ಪ."

ಅಷ್ಟೇ. ಊರಿಗೆ ಬಂದವರೇ ಮಳವಳ್ಳಿಗೆ ಒಪ್ಪಿಗೆ ಕಳಿಸಿದರು, ವೀಳ್ಯ ಬದಲಾಯಿಸಿದರು. ವಾರ ಕಳೆಯುವ ಮೊದಲೇ ಮೈಸೂರಿನಿಂದ ಸುದ್ದಿ ಬಂತು, ಹುಡುಗಿಯನ್ನು ಕಳಿಸಿಕೊಡಿ ಎಂದು. ವೀಳ್ಯ ಕೊಟ್ಟ ಮೇಲೆ ಮಾತು ತಿರುಗಿಸುವುದುಂಟೇ... ಅಕ್ಕ ಅತ್ತದ್ದನ್ನು ನಾನು ನೋಡಲಿಲ್ಲ. ಅತ್ತವಳು ನಾನು.

ಅಕ್ಕ ಬಾಣಂತನಕ್ಕೆ ತವರಿಗೆ ಬಂದಾಗ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಐದಂಕಿಯವು ಒಂಬೈನೂರು ಕಣೆ, ನಡುವಿನ ಮನೆಗೆ ಯಾವ ಅಂಕಿ ಇಟ್ಟರೂ ನಡೆಯುತ್ತದೆ ಎಂದು ಕಣ್ಣರಳಿಸಿದಳು. ಮಳವಳ್ಳಿಯಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲವಂತೆ.

ನಾನು ಮೈಸೂರಿನ ಅದೇ ಶಾಲೆಗೆ ಹೊರಟ ದಿನ ಅವಳಪ್ಪ ನಮ್ಮ ಜಗುಲಿಗೆ ಬಂದರು. ನನ್ನಪ್ಪನ ಕೈ ಹಿಡಿದುಕೊಂಡರು.

"ಲೆಕ್ಕ ಸರಿ ಬಂತಾ ಅಂತ ಮಗೀನ ಕೇಳ್ಬ್ಯಾಡಿ. ಒಳಿಕ್ಕೋಗಿ, ಸೇರುಸ್ಕೊಂಡ್ರಾ ಅಂತ ಅವ್ರುನ್ನೇ ಕೇಳಿ."

ನನ್ನಪ್ಪ ಹಾಗೆಯೇ ಮಾಡಿದರು. ನಾನು ಟೀಚರಾದೆ, ನಿವೃತ್ತಿಯೂ ಆಯಿತು. ಅಕ್ಕ ಈಗಿಲ್ಲ. ತರಗತಿಯಲ್ಲಿ ಮಕ್ಕಳು ಜಾಣತನದಿಂದ ತಪ್ಪು ಮಾಡಿದಾಗಲೆಲ್ಲ ನನಗೆ ಅವಳೇ ನೆನಪಾಗುತ್ತಿದ್ದಳು. ಆ ಕರಿಹಲಗೆಯ ಮುಂದೆ ನಿಲ್ಲಬೇಕಾಗಿದ್ದವಳು ಅವಳು.