ಫಕೀರಮ್ಮನ ಹಸಿರು ಬಳೆಗಳು

ಯಲಬುರ್ಗಿಯ ಫಕೀರಮ್ಮ ನಾಟಕ ಮಂಡಳಿಯಲ್ಲಿ ಹಾಡಿ ಹೆಸರಾದವಳು. ೧೯೩೮ರಲ್ಲಿ ಅವಳ ಒಂದು ಗ್ರಾಮಫೋನ್ ಪ್ಲೇಟು ಬಂತು. ಅದೇ ವರ್ಷ, ಅದೇ ಮಂಡಳಿಯ ಕಳಕಮ್ಮನದೂ ಬಂತು. ಕಳಕಮ್ಮನಿಗೆ ತಾಳ ಹಾಕಲು ಕಲಿಸಿದವಳು ಫಕೀರಮ್ಮನೇ. ಅದಕ್ಕೇ ಅವಳ ಹೊಟ್ಟೆ ಹೆಚ್ಚು ಉರಿಯಿತು.

ಕೊಪ್ಪಳದ ಪೇಟೆಯಲ್ಲಿ ಪ್ಲೇಟು ಮಾರುತ್ತಿದ್ದವನು ಬಳೆಗಾರ ಜಿಲಾನಸಾಬ. ಅವನಿಗೆ ಓದು ಬರಹ ಇರಲಿಲ್ಲ. ಅಂಗಡಿಯ ಮುಂದೆ ಹಲಗೆಯ ಮೇಲೆ ಬಿದಿರಿನ ಕೋಲುಗಳನ್ನು ನೆಟ್ಟು, ಒಬ್ಬೊಬ್ಬ ಹಾಡುಗಾರರಿಗೆ ಒಂದೊಂದು ಬಣ್ಣ ಗೊತ್ತು ಮಾಡಿದ್ದ. ಒಂದು ಪ್ಲೇಟು ಹೋದರೆ ಕೋಲಿಗೆ ಒಂದು ಬಳೆ ಏರುತ್ತಿತ್ತು. ಫಕೀರಮ್ಮನದು ಹಸಿರು, ಕಳಕಮ್ಮನದು ಕೆಂಪು. ಯಾರದು ಮೇಲೆ ಎಂಬುದು ರಸ್ತೆಯಿಂದಲೇ ಕಾಣುತ್ತಿತ್ತು. ಗಿರಾಕಿಗಳೂ ಎತ್ತರದ ಕೋಲು ತೋರಿಸಿಯೇ ಪ್ಲೇಟು ಕೇಳುತ್ತಿದ್ದರು.

ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಎರಡನೇ ಪ್ಲೇಟು, ಮಾರಾಟ ನೋಡಿ ಅದನ್ನು ಗೊತ್ತು ಮಾಡಲು ದೀಪಾವಳಿ ಹೊತ್ತಿಗೆ ಪ್ಲೇಟಿನ ಕಂಪನಿಯ ಏಜೆಂಟ ಬರುತ್ತಾನೆ ಎಂಬ ಸುದ್ದಿ ಹಬ್ಬಿತು. ಫಕೀರಮ್ಮ ಪೇಟೆಗೆ ಬಂದಾಗಲೆಲ್ಲ ಎರಡೂ ಕೋಲುಗಳನ್ನು ಗೇಣು ಹಾಕಿ ಅಳೆಯುತ್ತಿದ್ದಳು. ಏಜೆಂಟ ಬಂದ ದಿನ ಕೆಂಪು ಎರಡು ಬಳೆ ಮೇಲಿತ್ತು.

"ಸಾಬರ, ಆಕಿ ಪ್ಲೇಟು ವಾಪಸ್ ಬಂದಿದ್ದು ನಾನ ಕಣ್ಣಾರೆ ನೋಡೇನಿ. ಬಳಿ ಯಾಕ ಇಳಿಸಿಲ್ಲ?" ಏಜೆಂಟನ ಎದುರೇ ಫಕೀರಮ್ಮ ಕೇಳಿದಳು.

ಎಂಟು ದಿನದೊಳಗೆ ಪ್ಲೇಟು ಬದಲಿಸಿಕೊಳ್ಳಲು ಆ ಅಂಗಡಿಯಲ್ಲಿ ಅವಕಾಶವಿತ್ತು.

"ನಾವು ಬಳಿ ತೊಡಸಾವ್ರು ಅಕ್ಕಾರ, ತಗಿಯಾವ್ರಲ್ಲ. ಏರಿಸಿದ್ದು ಇಳಿಸಾಕ ನನಗ ಕೈ ಬರೂದಿಲ್ಲ."

"ನಿಮಗ ಬರದಿದ್ರ ನನಗ ಬರತೈತಿ. ವಾಪಸ್ ಬಂದಷ್ಟೂ ಇಳಸ್ತೀನಿ."

ಏಜೆಂಟನಿಗೂ ಅದು ನ್ಯಾಯವೆನಿಸಿತು. ವಾಪಸ್ ಬಂದ ಪ್ಲೇಟಿನ ಪೆಟ್ಟಿಗೆ ತರಲು ಹೇಳಿದ. ಜಿಲಾನಸಾಬ ಅವಳ ಕಡೆ ನೋಡಿ, "ಬ್ಯಾಡ ಅಕ್ಕಾರ" ಎಂದು ಮೆಲ್ಲಗೆ ಅಂದ.

"ಯಾಕ? ಆಕಿ ಮರ್ಯಾದಿ ಕಾಯ್ತೀರೇನು?"

ಪೆಟ್ಟಿಗೆಯಲ್ಲಿ ಹನ್ನೊಂದು ಪ್ಲೇಟುಗಳಿದ್ದವು. ಎರಡು ಕಳಕಮ್ಮನವು. ಒಂಬತ್ತು ಫಕೀರಮ್ಮನವು.

ಅವಳು ಕೆಂಪು ಬಳೆ ಎರಡು ತೆಗೆದಳು. ಆಮೇಲೆ ಹಸಿರು ಕೋಲಿಗೆ ಕೈ ಹಾಕಿ, ಒಂದೊಂದಾಗಿ ಒಂಬತ್ತನ್ನೂ ತಾನೇ ತೆಗೆದಿಟ್ಟಳು. ಏಜೆಂಟ ಕಳಕಮ್ಮನ ಹೆಸರು ಬರೆದುಕೊಂಡು ಸ್ಟೇಷನ್ನಿನ ಕಡೆ ನಡೆದ.

ಫಕೀರಮ್ಮ ಅಂಗಡಿಯ ಕಟ್ಟೆಯ ಮೇಲೆ ಕೂತಳು. "ಹಾಕ್ರಿ ಆಕಿ ಪ್ಲೇಟು. ನಾ ಒಮ್ಮಿನೂ ಕೇಳಿಲ್ಲ" ಅಂದಳು.

ಹಾಡು ಮುಗಿಯಿತು. "ಎರಡನೇ ನುಡಿಯಾಗ ಉಸಿರು ಕಡೀತಾಳ. ಎಷ್ಟು ಬಡಕೊಂಡ್ರೂ ಆ ಚಾಳಿ ಬಿಡಲಿಲ್ಲ ನೋಡ್ರಿ."

"ಜನಕ್ಕ ಅದ ಛಲೋ ಅನಸತೈತಿ, ಅಕ್ಕಾರ."

ಅವಳು ಗ್ರಾಮಫೋನಿನ ಹತ್ತಿರಕ್ಕೆ ಸರಿದು ಕೂತಳು.

"ಇನ್ನೊಮ್ಮಿ ಹಾಕ್ರಿ" ಅಂದಳು. "ಹೆಂಗ ಕಡೀತಾಳ ಕೇಳತೀನಿ."